ಹೊಟ್ಟೆ ಮುಚ್ಚದ ಬೊಂತೆ

ಅರಸೀಕೆರೆಗೆ ವರ್ಗವಾಗಿ ಬಂದ ಮೊದಲ ದಿನವೇ ಆಕೆ ನನ್ನ ಸೀರೆಯ ಆಯುಷ್ಯ ಕೇಳಿದರು. ನನ್ನ ಟ್ರಂಕು ಇನ್ನೂ ಜಗಲಿಯ ಮೇಲಿತ್ತು, ಜಟಕಾದವನು ಹೊರಟಿರಲಿಲ್ಲ. ಬಾಗಿಲಿಗೆ ಬಂದವರು ನನ್ನ ಮುಖ ನೋಡಲಿಲ್ಲ. ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಟೀಚರಮ್ಮ, ಈ ನೀಲಿ ಸೀರೆ ಇನ್ನೆಷ್ಟು ದಿನ ಬತ್ತದೆ?" ಅಂದರು.

"ಹೋದ ದೀಪಾವಳಿಗೆ ತಗೊಂಡಿದ್ದು," ಅಂದೆ.

"ಅಯ್ಯೋ, ಹಂಗಾದ್ರೆ ಇನ್ನೂ ಮೂರು ವರ್ಸ ಕಾಯ್ಬೇಕು," ಅಂತ ನಿಜವಾಗಿಯೂ ಬೇಸರಪಟ್ಟುಕೊಂಡು ಒಳಗೆ ಕರೆದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಮನೆಯ ಹಿಂಬದಿಯ ಕೋಣೆಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದರೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಲಿಲ್ಲ. ಗಂಡ ಕೊಬ್ಬರಿ ಮಂಡಿಯ ಸಾಹುಕಾರರು. ಆದ್ದರಿಂದ ಊರಿಗೆಲ್ಲ ಇವರು ಸಾವ್ಕಾರ್ತಮ್ಮ. ಐವತ್ತು ದಾಟಿದ, ಕುಳ್ಳಗೆ ದುಂಡಗಿದ್ದ ಹೆಂಗಸು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಎಡ ಹೆಗಲ ಸೆರಗಿಗೆ ಚುಚ್ಚಿದ, ದಾರ ಪೋಣಿಸಿಯೇ ಇದ್ದ ಒಂದು ಸೂಜಿ. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆಯಾಗಿತ್ತು. ಮನೆಯಲ್ಲಿ ಉಳಿದಿದ್ದವಳು ಕೊನೆಯ ಮಗಳು ಗಿರಿಜ, ಎಸ್ಸೆಸ್ಸೆಲ್ಸಿಗೆ ಕೂರಬೇಕಾದವಳು.

ಮಧ್ಯಾಹ್ನ ಊಟವಾಗಿ ಎಲೆಯಡಿಕೆ ಮುಗಿದ ಮೇಲೆ ನಡುಮನೆಯಲ್ಲಿ ಬೊಂತೆ ಹರಡಿ ಕೂತರೆಂದರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ಬೊಂತೆ ಗೊತ್ತಿಲ್ಲದ ಈಗಿನವರಿಗೆ ಹೇಳಬೇಕು: ಹಳೆ ಸೀರೆ, ಪಂಚೆ, ಅಂಗಿಗಳ ಚೂರನ್ನು ಪದರ ಪದರವಾಗಿ ಹಾಸಿ, ಕೈಯಲ್ಲೇ ಸಾಲುಸಾಲಾಗಿ ಹೊಲಿದು ಮಾಡುವ ದಪ್ಪನೆಯ ಬಟ್ಟೆ ಅದು. ಹಾಸಲೂ ಬರುತ್ತದೆ, ಹೊದೆಯಲೂ ಬರುತ್ತದೆ. ಬಡಗಣದ ಕಡೆ ಕೌದಿ ಅನ್ನುತ್ತಾರೆ. ನಾಲ್ಕೂ ಅಂಚಿನಿಂದ ಹೊಲಿಗೆ ಶುರುವಾಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಕೊನೆಗೆ ನಡುವೆ ಉಳಿಯುವ ಚೌಕಕ್ಕೆ ಅವರ ಮನೆಯಲ್ಲಿ ಹೊಟ್ಟೆ ಅನ್ನುತ್ತಿದ್ದರು. ಅಲ್ಲಿ ನಾಲ್ಕು ಕಾಳು ಅಕ್ಕಿ, ಒಂದು ಚೂರು ಕೊಬ್ಬರಿ ಇಟ್ಟು ಮುಚ್ಚಿ ಹೊಲಿದರೆ ಬೊಂತೆ ಮುಗಿದ ಹಾಗೆ.

ಬಟ್ಟೆ ಹೊಂದಿಸುವುದರಲ್ಲಿ ಆಕೆಗೆ ನಾಚಿಕೆ ಅನ್ನುವುದೇ ಇರಲಿಲ್ಲ. ಅಂಚೆಯವನು ಬಂದರೆ ಕಾಗದಕ್ಕಿಂತ ಮೊದಲು ಅವನ ಖಾಕಿಯ ಮೊಣಕೈ ನೋಡುತ್ತಿದ್ದರು. ಸವೆದಿದ್ದರೆ, "ಇದನ್ನ ಇನ್ಯಾಕೆ ಹಾಕ್ಕೊಂಡು ತಿರುಗ್ತೀಯಪ್ಪ, ಸರ್ಕಾರದ ಮರ್ಯಾದೆ ಹೋಗ್ತದೆ," ಅಂತ ಹೆದರಿಸುತ್ತಿದ್ದರು. ಮಠದವರು ತೆಂಗಿನಕಾಯಿ ಕೇಳಿಕೊಂಡು ಬಂದರೆ ಇಪ್ಪತ್ತು ಕಾಯಿ ಕೊಟ್ಟು, ಸ್ವಾಮಿಗಳ ಹಳೆಯ ಕಾವಿ ಬಟ್ಟೆಯ ತುಂಡೊಂದನ್ನು ಬೇಡಿ ಇಸಿದುಕೊಂಡಿದ್ದರು. ನಮ್ಮಪ್ಪ ಬೇಲೂರು ದೇವಸ್ಥಾನದಲ್ಲಿ ಪರಿಚಾರಕರು ಅಂತ ತಿಳಿದ ಮೇಲಂತೂ ನನ್ನನ್ನು ಬಿಡಲಿಲ್ಲ. ಪ್ರತಿ ಶನಿವಾರ ನಾನು ಬಸ್ಸಿಗೆ ಹೊರಟಾಗ, "ದೇವರಿಗೆ ಉಡಿಸಿದ್ದು ಒಂದು ಚೂರು," ಅನ್ನುವರು. ಅಪ್ಪ ಮೊದಲು ಒಪ್ಪಲಿಲ್ಲ. ಶಿವಭಕ್ತರ ಮನೆಗೆ ಕೇಶವನ ವಸ್ತ್ರ ಯಾಕಂತೆ ಅಂದರು. ನಾನು ಅದನ್ನು ಹಾಗೇ ಹೋಗಿ ಹೇಳಿದೆ.

"ನಮ್ಮ ಸ್ವಾಮಿಗಳ ಕಾವಿ ಒಬ್ಬಂಟಿಯಾಗಿ ಐತೆ ಅನ್ನಿ. ಇಬ್ರೂ ಒಂದೇ ಬೊಂತೇಲಿ ಮಲಗ್ಲಿ. ಗುಡೀಲಿ ಜಗಳ ಆಡೋರು ಚಳೀಲಿ ಆಡಲ್ಲ," ಅಂದರು.

ಅಪ್ಪ ನಕ್ಕು, ಒಂದು ಗೇಣು ಹಳದಿ ಬಟ್ಟೆ ಮಡಿಸಿ ಕೊಟ್ಟರು.

ಯಾರ ಬಟ್ಟೆ ಎಲ್ಲಿ ಬರಬೇಕು ಅನ್ನುವುದಕ್ಕೂ ಅವರಲ್ಲಿ ಕಾನೂನಿತ್ತು. ಕಾವಿ, ದೇವರ ವಸ್ತ್ರ ತಲೆಯ ಕಡೆ. ಪ್ರೀತಿಯವರದು ಎದೆಯ ಹತ್ತಿರ. ಕಾಲು ತಾಗುವ ಕಡೆಗೆ ಕಣ್ಣಿಗಾಗದವರದು. ಗಂಡಸಿ ಅನ್ನುವ ಊರಿಗೆ ಮದುವೆಯಾಗಿ ಹೋಗಿದ್ದ ನಾದಿನಿಯ ಸೀರೆಯ ಚೂರು ಪ್ರತಿ ಬೊಂತೆಯಲ್ಲೂ ಕಾಲಿನ ಕಡೆಯೇ ಇರುತ್ತಿತ್ತು. ಒಂದು ಸಲ ಅದನ್ನು ನೋಡಿದ ಆ ನಾದಿನಿ, "ಅತ್ತಿಗೆ, ನನ್ನ ಸೀರೆ ಮಾತ್ರ ಯಾವಾಗ್ಲೂ ಕಡೇಗೆ ಯಾಕೆ?" ಅಂತ ಕೇಳಿಯೇಬಿಟ್ಟರು.

"ನಿನ್ನ ಸೀರೆ ಗಟ್ಟಿ ಕಣವ್ವ. ಕಾಲು ಒದೆಯೋ ಜಾಗಕ್ಕೆ ಗಟ್ಟಿ ಬಟ್ಟೇನೇ ಬೇಕು," ಅಂದರು ಸಾವ್ಕಾರ್ತಮ್ಮ, ದಾರ ಹಲ್ಲಲ್ಲಿ ಕಡಿಯುತ್ತ.

ಸಾಹುಕಾರರು ಕೆಟ್ಟವರಲ್ಲ. ಮಾತು ಜೋರು, ಮನಸ್ಸು ಮೆದು. ಬಂದವರನ್ನೆಲ್ಲ ಕೂರಿಸಿಕೊಂಡು ಹೆಂಡತಿಯ ಒಂದು ಕಥೆ ಹೇಳುವುದು ಅವರಿಗೆ ಅಭ್ಯಾಸ. ಮದುವೆಯಾದ ಹೊಸತರಲ್ಲಿ ಆಕೆ ಹಾಸನದ ಕಡೆಯ ತವರಿಗೆ ಒಬ್ಬರೇ ಹೊರಟು, ಅರಸೀಕೆರೆ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ಗಾಡಿ ಹತ್ತಿ, ಬೀರೂರಿನಲ್ಲಿ ಇಳಿದು, ಅಲ್ಲಿ ಅಪ್ಪನ ಮನೆ ಎಲ್ಲಿ ಅಂತ ಹುಡುಕಿದರಂತೆ. "ಬೋರ್ಡು ಓದಕ್ಕೆ ಬಂದಿದ್ರೆ ತಾನೆ?" ಅನ್ನುವಷ್ಟರಲ್ಲಿ ಸಾಹುಕಾರರಿಗೆ ನಗು ತಡೆಯುತ್ತಿರಲಿಲ್ಲ. ಕೇಳಿದವರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಸಾವ್ಕಾರ್ತಮ್ಮ. ನಾನೂ ಮೂರು ನಾಲ್ಕು ಸಲ ನಕ್ಕಿದ್ದೇನೆ.

ಇನ್ನು ಆ ಮನೆಯ ಪದ್ಧತಿ. ಸಾಹುಕಾರರ ತಾಯಿ ಹಾಕಿಕೊಟ್ಟದ್ದು ಅದು: ಮನೆಯ ಹೆಣ್ಣು ಮದುವೆಯಾಗಿ ಹೊರಡುವಾಗ ತಾಯಿ ಕೈಯಾರೆ ಹೊಲಿದ ಬೊಂತೆ ಕೊಡಬೇಕು, ಬೊಂತೆಯ ಹೊಟ್ಟೆ ಮುಚ್ಚಿದ ಮೇಲೆಯೇ ಗಂಡಿನ ಕಡೆಯವರ ಜೊತೆ ವೀಳ್ಯಶಾಸ್ತ್ರ. ಹೊಲಿದದ್ದನ್ನು ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಸಂಸಾರವೂ ಬಿಚ್ಚಿಕೊಳ್ಳುತ್ತದೆ ಅಂತ. ಸಾಹುಕಾರರಿಗೆ ತಾಯಿಯ ಮಾತು ಅಂದರೆ ವೇದ. ತಾಯಿ ತೀರಿಹೋಗಿ ಹತ್ತು ವರ್ಷವಾಗಿದ್ದರೂ ಅವರ ಮಾತಿನ ಒಂದಕ್ಷರ ದಾಟುತ್ತಿರಲಿಲ್ಲ.

ಗಿರಿಜಳನ್ನು ಅದೇ ಗಂಡಸಿ ನಾದಿನಿಯ ಮಗನಿಗೆ ಕೊಡುವುದೆಂದು ಅಣ್ಣ ತಂಗಿ ಮಾತಾಡಿಕೊಂಡಿದ್ದರು. ಹುಡುಗ ಒಳ್ಳೆಯವನೇ. ತೆಂಗಿನ ತೋಟ, ಮನೆ, ಎರಡು ಜೊತೆ ಎತ್ತು. ಬೊಂತೆ ಮುಗಿದ ಮರುವಾರ ವೀಳ್ಯ, ಮಾಘದಲ್ಲಿ ಮದುವೆ. ಪರೀಕ್ಷೆ ಇದ್ದದ್ದು ಮಾರ್ಚಿಯಲ್ಲಿ. ಅಂದರೆ ಬೊಂತೆ ಮುಗಿದರೆ ಗಿರಿಜಳ ಪರೀಕ್ಷೆ ಹೋಯಿತು. ಇದು ನಿಮಗೆ ಈಗಲೇ ಗೊತ್ತಾಯಿತು. ನನಗೆ ಆಗ ಗೊತ್ತಿರಲಿಲ್ಲ. ಮದುವೆ ಬೇಸಿಗೆಯಲ್ಲಿ, ಪರೀಕ್ಷೆ ಮುಗಿದ ಮೇಲೆ ಅಂತ ನಾನೇ ಅಂದುಕೊಂಡಿದ್ದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಸ್ಕೂಲಿನಲ್ಲಿ ಪಾಠ ಹೇಳುವವರಿಗೆ ಲೋಕವೆಲ್ಲ ಪರೀಕ್ಷೆಯ ನಂತರವೇ ಶುರುವಾಗುವುದು ಅಂತ ಒಂದು ಭ್ರಮೆ ಇರುತ್ತದೆ. ಗಿರಿಜ ತನ್ನ ಮದುವೆಯ ಮಾತನ್ನು ತಾನೇ ಆಡುವಂಥ ಹುಡುಗಿಯಲ್ಲ.

ನಾನು ಸಂಜೆ ಅವಳಿಗೆ ಇಂಗ್ಲಿಷು, ಲೆಕ್ಕ ಹೇಳಿಕೊಡುತ್ತಿದ್ದೆ. ಅವಳ ತಾಯಿ ಬೊಂತೆಯ ಮೇಲಿಂದ ತಲೆ ಎತ್ತದೆ ಬೈಯುತ್ತಿದ್ದರು. "ಓದಿ ಓದಿ ಏನ್ ಅಮಲ್ದಾರಿಕೆ ಮಾಡ್ತೀಯೇ? ರೊಟ್ಟಿ ತಟ್ಟೋದು ಕಲಿ ಹೋಗು." ಸಾಹುಕಾರರು ಮನೆಯಲ್ಲಿದ್ದಾಗ ಇದು ಇನ್ನೂ ಜೋರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಓದು ಬರಹ ಬಾರದ ಹೆಂಗಸು, ಮಗಳೂ ತನ್ನ ಹಾಗೇ ಇರಲಿ ಅನ್ನುತ್ತಾಳೆ ಅಂತ ಮನಸ್ಸಿನಲ್ಲೇ ಶಾಪ ಹಾಕಿದ್ದೆ. ತಮಾಷೆಯೆಂದರೆ, ಹಾಗೆ ಬೈದ ದಿನ ನಮ್ಮ ಪಾಠದ ದೀಪಕ್ಕೆ ಎಣ್ಣೆ ಒಂದಿಷ್ಟು ಜಾಸ್ತಿ ಇರುತ್ತಿತ್ತು. ಅದನ್ನು ನಾನು ಗಮನಿಸಲೂ ಇಲ್ಲ.

ಬೊಂತೆ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಶ್ರಾವಣದಲ್ಲಿ ಶುರುವಾದದ್ದು ಕಾರ್ತಿಕ ಬಂದರೂ ನಡುವೆ ಎರಡು ಮೊಳದ ಹೊಟ್ಟೆ ತೆರೆದುಕೊಂಡೇ ಇತ್ತು. ದಿನವೂ ಆಕೆ ಕೂರುತ್ತಿದ್ದರು, ದಿನವೂ ಸೂಜಿ ಓಡುತ್ತಿತ್ತು. ಸಾಹುಕಾರರಿಗೆ ಅನುಮಾನ ಬಂತು. ಒಂದು ಸೋಮವಾರ ಪೂಜೆ ಮುಗಿಸಿ, ಕೊಬ್ಬರಿ ಚೀಲಕ್ಕೆ ಗುರುತು ಹಾಕುವ ಮಸಿ ಡಬ್ಬಿ ತಂದು, ಹೊಲಿಗೆ ಎಲ್ಲಿಗೆ ಬಂದಿದೆಯೋ ಅಲ್ಲಿ ಒಂದು ಕರಿ ಗೀಟು ಎಳೆದರು.

"ಮುಂದಿನ ಸೋಮವಾರ ನೋಡ್ತೀನಿ, ಎಷ್ಟು ಮುಂದೆ ಹೋಗಿದ್ದೀಯ ಅಂತ," ಅಂದರು.

ಮುಂದಿನ ಸೋಮವಾರ ಬಂದು ನೋಡಿದರೆ ಗೀಟು ಇಲ್ಲ. ಅದರ ಮೇಲೆ ಮೊಳದಗಲದ ಹೊಸ ತೇಪೆ ಕೂತಿದೆ.

"ಗೀಟು ಎಲ್ಲೇ?"

"ಮಸಿ ಬಿದ್ದ ಬೊಂತೇನ ಮಗಳಿಗೆ ಕೊಡಕಾಯ್ತದಾ? ಮುಚ್ಚಕ್ಕೇ ಒಂದು ವಾರ ಹಿಡೀತು. ನಿಮ್ಮಿಂದ ನಂಗೆ ಎರಡು ಕೆಲ್ಸ."

ಸಾಹುಕಾರರು ಪಟ್ಟು ಬಿಡಲಿಲ್ಲ. ಇನ್ನೆರಡು ಸೋಮವಾರ ಗೀಟೆಳೆದರು, ಆಕೆ ಇನ್ನೆರಡು ವಾರ ತೇಪೆ ಹಾಕಿದರು. ಅಳತೆ ಮಾಡಿದಷ್ಟೂ ಕೆಲಸ ಹಿಂದೆ ಬೀಳುತ್ತಿದೆ ಅಂತ ಅವರಿಗೆ ಹೊಳೆಯುವ ಹೊತ್ತಿಗೆ ಮಾರ್ಗಶಿರ ಬಂದಿತ್ತು.

ಆಗ ಗಂಡಸಿಯಿಂದ ನಾದಿನಿ, ಅವರ ಗಂಡ, ಜೊತೆಗೆ ಇಬ್ಬರು ಹಿರಿಯರು ಬಂದಿಳಿದರು. ಬೊಂತೆಯ ಗತಿ ಏನು ಅಂತ ಕಣ್ಣಾರೆ ನೋಡಿ, ದಿನ ಗೊತ್ತು ಮಾಡಿಕೊಂಡೇ ಹೋಗುವುದು ಅವರ ಲೆಕ್ಕ. ಭಾನುವಾರ, ನಾನು ಬೇಲೂರಿಗೆ ಹೋಗಿರಲಿಲ್ಲ. ಸಾಹುಕಾರರು ಚಾಪೆ ಹಾಸಲು ಹೇಳಿದರು. ಹಿರಿಯರು ಪಂಚೆ ಸರಿಮಾಡಿಕೊಂಡು ಇನ್ನೇನು ಕೂರಬೇಕು, ಸಾವ್ಕಾರ್ತಮ್ಮ ನಡುಮನೆಯ ಮಧ್ಯೆ ನಿಂತು ಮೆಲ್ಲಗೆ, "ಯಾರೂ ಕೂತ್ಕೋಬೇಡಿ. ಸೂಜಿ ಬಿದ್ದೈತೆ," ಅಂದರು.

ಬಿದ್ದ ಸೂಜಿ ಅಂದರೆ ಹಾಸ್ಯವಲ್ಲ. ಎಲ್ಲರೂ ಇದ್ದಲ್ಲೇ ನಿಂತರು. ಹೆಜ್ಜೆ ಎತ್ತುವ ಹಾಗಿಲ್ಲ, ಚಾಪೆ ಕೊಡವುವ ಹಾಗಿಲ್ಲ. ಗಿರಿಜ ಬಗ್ಗಿ ನೆಲ ಸವರಿದಳು, ನಾನೂ ಸವರಿದೆ. ಬಂದವರಿಗೆ ಕಾಫಿ ನಿಂತಲ್ಲಿಗೇ ಬಂತು. ಒಬ್ಬ ಹಿರಿಯರಿಗೆ ಮಂಡಿ ನೋವು. ಕಂಬಕ್ಕೆ ಒರಗಿ ಒಂದೊಂದೇ ಕಾಲು ಬದಲಾಯಿಸುತ್ತಿದ್ದರು.

"ಜಗಲೀಲಾದರೂ ಕೂರೋಣ," ಅಂದರು ನಾದಿನಿಯ ಗಂಡ.

"ಜಗಲೀಲೇ ಕೂತು ಹೊಲೀತಿದ್ದೆ ಬೆಳಿಗ್ಗೆ. ಎಲ್ಲಿ ಬಿತ್ತೋ ಯಾರಿಗ್ ಗೊತ್ತು," ಅಂದರು ಸಾವ್ಕಾರ್ತಮ್ಮ.

"ಒಂದು ಬೊಂತೆಗೆ ಐದು ತಿಂಗಳಾ ಅತ್ತಿಗೆ? ನಮ್ಮವ್ವ ಎರಡು ತಿಂಗಳಲ್ಲಿ ಮುಗಿಸೋಳು," ನಿಂತಲ್ಲಿಂದಲೇ ನಾದಿನಿ ಚುಚ್ಚಿದರು.

"ನಿಮ್ಮವ್ವನ ಕೈ ಎಲ್ಲಿ, ನನ್ನ ಕೈ ಎಲ್ಲಿ. ಆ ಪುಣ್ಯಾತಗಿತ್ತಿ ಇದ್ದಿದ್ರೆ ಇಷ್ಟೊತ್ತಿಗೆ ಸೂಜೀನೂ ಸಿಕ್ಕಿರೋದು," ಅಂತ ಇವರು ನಿಟ್ಟುಸಿರು ಬಿಟ್ಟರು.

ತಾಯಿಯ ಹೊಗಳಿಕೆಗೆ ಅಣ್ಣನೂ ಎದುರಾಡುವವರಲ್ಲ, ತಂಗಿಯೂ ಅಲ್ಲ. ಮುಕ್ಕಾಲು ಗಂಟೆ ನಿಂತು, ಬಸ್ಸಿಗೆ ಹೊತ್ತಾಯಿತೆಂದು ನಾಲ್ವರೂ ಹೊರಟರು. ನಿಂತುಕೊಂಡು ಯಾರಾದರೂ ಮದುವೆಯ ದಿನ ಗೊತ್ತುಮಾಡುತ್ತಾರೆಯೇ? ಅವರು ಬೀದಿ ತಿರುಗಿದ ಮೇಲೆ ನೋಡಿದೆ: ಸೂಜಿ ಆಕೆಯ ಎಡ ಹೆಗಲಲ್ಲೇ ಇತ್ತು. ನಾನು ಅದನ್ನು ತೋರಿಸಿದಾಗ, "ಅಯ್ಯೋ, ಇಲ್ಲೇ ಐತಲ್ಲ," ಅಂದು ಒಳಗೆ ಹೋದರು. ಅವತ್ತೇ ನನಗೆ ತಿಳಿಯಬೇಕಿತ್ತು. ಬುದ್ಧಿ ಕಲಿಸುತ್ತೇನೆಂದು ಸಂಬಳ ತೆಗೆದುಕೊಳ್ಳುವವಳು ನಾನು, ನಾದಿನಿಯ ಮೇಲಿನ ಹಳೇ ಮುನಿಸು ಅಂತ ತಿಳಿದು ಸುಮ್ಮನಾದೆ.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಾನು ಉಪಕಾರ ಮಾಡಲು ಹೋದೆ.

ಪುಷ್ಯದಲ್ಲಿ ಸಾವ್ಕಾರ್ತಮ್ಮ ಮಾದಿಹಳ್ಳಿಯಲ್ಲಿದ್ದ ದೊಡ್ಡ ಮಗಳ ಮನೆಗೆ, ಮೊಮ್ಮಗುವಿಗೆ ಹೆಸರಿಡುವುದಕ್ಕೆಂದು ನಾಲ್ಕು ದಿನ ಹೋದರು. ಬೊಂತೆ ನಡುಮನೆಯಲ್ಲೇ ಮಡಿಸಿಟ್ಟಿತ್ತು. ಪಾಪ, ಆಕೆಗೆ ಕಣ್ಣು ಮಂಜಾಗಿರಬೇಕು, ಕೈ ಸೋತಿರಬೇಕು, ಮನೆಮಂದಿಯೆಲ್ಲ ಮೂದಲಿಸುತ್ತಾರೆ, ಒಂದಿಷ್ಟು ಮುಗಿಸಿಕೊಟ್ಟರೆ ಖುಷಿಪಡುತ್ತಾರೆ ಅಂತ ನನಗೆ ಕರುಣೆ ಉಕ್ಕಿತು. ಶನಿವಾರ ಮಧ್ಯಾಹ್ನ ಕೂತವಳು ಭಾನುವಾರ ಸಂಜೆಯ ತನಕ ಹೊಲಿದೆ. ಬೆರಳೆಲ್ಲ ತೂತಾಯಿತು. ಎರಡು ಮೊಳದ ಹೊಟ್ಟೆಯನ್ನು ಒಂದು ಗೇಣಿಗೆ ತಂದು ನಿಲ್ಲಿಸಿದೆ. ಆ ಕೊನೆಯ ಗೇಣನ್ನು ತಾಯಿಯೇ ಮುಚ್ಚಲಿ ಅಂತ ಬಿಟ್ಟೆ. ಅಷ್ಟು ಬುದ್ಧಿಯಾದರೂ ದೇವರು ಕೊಟ್ಟಿದ್ದ. ಸಾಹುಕಾರರು ಬಂದು ನೋಡಿ, "ಭೇಷ್ ಟೀಚರಮ್ಮ, ಭೇಷ್," ಅಂದು ಅವತ್ತೇ ಗಂಡಸಿಗೆ ಕಾಗದ ಬರೆದರು.

ಸೋಮವಾರ ಆಕೆ ಬಸ್ಸಿಳಿದು ಬಂದರು. ಚೀಲ ಇಳಿಸಿ, ಕೈಕಾಲು ತೊಳೆದು, ಬೊಂತೆ ಬಿಡಿಸಿದರು. ಹೊಸ ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸಿದರು.

"ಯಾರು ಮಾಡಿದ್ದು ಈ ಪುಣ್ಯದ ಕೆಲ್ಸ?"

"ನಾನೇ," ಅಂದೆ, ಹೊಗಳಿಕೆಗೆ ಮೊದಲೇ ನಾಚಿಕೊಂಡು.

ಆಕೆ ಬಾಗಿಲು ಮುಂದೆ ಮಾಡಿದರು. ನನ್ನೆದುರು ಕೂತರು. ಅವರ ಮುಖದಲ್ಲಿ ಒಂದು ಚೂರೂ ನಗುವಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಟೀಚರಮ್ಮ, ನೀವು ಓದಿದೋರು. ಪರೀಕ್ಷೆ ಯಾವಾಗ?"

"ಮಾರ್ಚಿ ಕೊನೇಲಿ."

"ಮಾಘ ಯಾವಾಗ?"

ನಾನು ಬೆರಳು ಮಡಿಸಿದೆ. ಮಾರ್ಚಿಗೆ ಮುಂಚೆಯೇ ಮಾಘ ಬಂದು ನಿಂತಿತು.

"ಆರು ತಿಂಗಳಿಂದ ನಾನು ಇದನ್ನ ಹೊಲೀತಿಲ್ಲ ಕಣ್ರೀ, ಕಾಯ್ತಾ ಇವ್ನಿ. ನೀವು ಎರಡೇ ದಿನದಲ್ಲಿ ನನ್ನ ಮಗಳ ಮದುವೆ ಮಾಡ್ಬಿಟ್ರಲ್ಲ."

ನನಗೆ ಅಳು ಬಂತು. ಯಜಮಾನರಿಗೆ ಹೇಳಬಾರದಿತ್ತೇ, ಪರೀಕ್ಷೆಯಾಗಲಿ ಅಂತ ಕೇಳಬಾರದಿತ್ತೇ ಅಂದೆ.

"ಕೇಳಿದ್ರೆ ಬ್ಯಾಡ ಅಂತಾರೆ. ತಂಗಿಗೆ ಮಾತು ಕೊಟ್ಟವ್ರೆ. ಒಂದ್ ದಪ ಬ್ಯಾಡ ಅಂದ್ಮೇಲೆ ಅವ್ರ ಮಾತನ್ನ ಅವ್ರೂ ವಾಪಸ್ ತಗೊಳ್ಳಕಾಗಲ್ಲ, ಗಂಡಸರು ನೋಡಿ. ಕೇಳ್ದೇ ಇದ್ರೆ ಇನ್ನೂ ಬ್ಯಾಡ ಅಂದಿಲ್ಲ ಅಂತ ತಾನೆ?" ಆಮೇಲೆ ಹೇಳಿದರು: "ಬೀರೂರಿನ ಕಥೆ ನೀವೂ ಕೇಳಿದ್ದೀರಿ. ನಕ್ಕಿದ್ದೀರಿ. ನಾನೂ ಮೂವತ್ತು ವರ್ಸದಿಂದ ನಗ್ತಾ ಇವ್ನಿ. ಅವತ್ತು ಸಂಜೆ ಗಂಟ ಆ ಸ್ಟೇಷನ್ನಲ್ಲಿ ಕೂತು ಅತ್ತಿದ್ದು ಅವ್ರಿಗೆ ಗೊತ್ತಿಲ್ಲ, ಹೇಳಿಲ್ಲ. ಈ ಪರೀಕ್ಷೆ ಆದ್ರೆ ಟ್ರೈನಿಂಗ್ ಅಂತೆ, ಆಮೇಲೆ ನಿಮ್ಮಂಗೆ ಕೆಲ್ಸ ಅಂತೆ, ಗಿರಿಜ ನಿದ್ದೇಲೂ ಅದನ್ನೇ ಬಡಬಡಿಸ್ತಾಳೆ. ಅರ್ಧಕ್ಕೆ ಬಿಡಿಸಿದ್ರೆ ನಾನೇ ಅವಳನ್ನ ಬೀರೂರಲ್ಲಿ ಇಳಿಸಿದಂಗೆ."

ಅವತ್ತು ನನಗೆ ನನ್ನ ಮೇಲೆ ಬಂದಷ್ಟು ನಾಚಿಕೆ ಮತ್ತೆ ಯಾವತ್ತೂ ಬಂದಿಲ್ಲ. ಹೊಲಿದದ್ದನ್ನು ಬಿಚ್ಚಿಬಿಡುತ್ತೇನೆ, ನನಗೇನೂ ಶಾಸ್ತ್ರವಿಲ್ಲ ಅಂದೆ. ಆಕೆ ನನ್ನ ಕೈ ಹಿಡಿದರು. ಮಗಳ ಬೊಂತೆಯ ಹೊಲಿಗೆ ಬಿಚ್ಚುವ ಧೈರ್ಯ ಆಕೆಗೂ ಇರಲಿಲ್ಲ. ಗಂಡನಿಗೆ ಎಷ್ಟು ಬೇಕಾದರೂ ಮಂಕುಬೂದಿ ಎರಚುವರು, ಅತ್ತೆಯ ಮಾತಿಗೆ ಮಾತ್ರ ಒಳಗೊಳಗೇ ಹೆದರುತ್ತಿದ್ದರು. ಬೊಂತೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ನೋಡಿದರು. ಕೊನೆಗೆ ಹೆಗಲ ಸೂಜಿ ತೆಗೆದರು.

"ಅಗಲಕ್ಕೆ ಜಾಗ ಇಲ್ಲ. ದಪ್ಪಕ್ಕೆ ಐತಲ್ಲ," ಅಂದರು. "ಆ ನೀಲಿ ಸೀರೆ ತಗೊಂಬನ್ನಿ."

ಕೊಟ್ಟೆ. ದೀಪಾವಳಿಯ ಸೀರೆ, ಇನ್ನೂ ಬಣ್ಣ ಹೋಗಿರಲಿಲ್ಲ. ಆಕೆ ಅದನ್ನು ಚರ್ರನೆ ಹರಿದಾಗ ನನ್ನ ಜೀವ ಹೋದ ಹಾಗಾಯಿತು. ಆದರೆ ತಪ್ಪು ನನ್ನದು. ಅವತ್ತಿನಿಂದ ಆ ಬೊಂತೆಯ ಮೇಲೆ ಇನ್ನೊಂದು ಪದರ ಬಂತು. ಅದರ ಮೇಲೆ ಮತ್ತೊಂದು. ನಾನು ಬೇಲೂರಿನಿಂದ ವಾರವಾರ ಒಂದು ಗಂಟು ಹಳೆ ಬಟ್ಟೆ ಹೊತ್ತು ತರುತ್ತಿದ್ದೆ. ಸ್ಕೂಲಿನ ಹಳೇ ಭೂಪಟವೊಂದರ ಹಿಂದಿನ ಬಟ್ಟೆಯೂ ಅದರೊಳಗೆ ಹೋಯಿತು, ಇದನ್ನು ಹೆಡ್‌ಮಿಸ್ಸಿಗೆ ನಾನು ಹೇಳಿರಲಿಲ್ಲ. ಗಂಡಸಿಯವರು ಬಂದರು, ನಡುವಿನ ಗೇಣಗಲದ ಹೊಟ್ಟೆ ನೋಡಿದರು, ಇನ್ನೇನು ಮುಗಿಯಿತು ಅಂತ ಸಮಾಧಾನವಾಗಿ ಹೋದರು. ಮಾಘ ಕಳೆಯಿತು. ಮತ್ತೆ ಬಂದರು. ಹೊಟ್ಟೆ ಅಷ್ಟೇ ಇತ್ತು.

"ಇದೇನು, ಅಗಲಕ್ಕೆ ಬೆಳೀದೆ ಎತ್ತರಕ್ಕೆ ಬೆಳೀತಾ ಐತೆ?" ಅಂದರು ನಾದಿನಿ.

"ನಿಮ್ಮೂರ ಚಳಿ ಏನ್ ಕಮ್ಮೀನಾ? ನನ್ನ ಮಗಳು ನಡುಗಬಾರದು," ಅಂದರು ಇವರು. ಮಗಳ ಮೇಲೆ ತಾಯಿಗೆ ಇಷ್ಟು ಪ್ರೀತಿಯೇ ಅಂತ ಜೊತೆಯಲ್ಲಿ ಬಂದಿದ್ದ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು.

ಫಾಲ್ಗುಣ ಮುಗಿಯುವ ಹೊತ್ತಿಗೆ ಸೂಜಿ ಒಳಗೆ ಹೋಗದೆ ದಬ್ಬಣ ಬೇಕಾಯಿತು, ಕೊಬ್ಬರಿ ಚೀಲ ಹೊಲಿಯುವುದು. ಗಿರಿಜ ಒಂದೊಂದೇ ಪರೀಕ್ಷೆ ಬರೆದು ಬಂದಳು. ಕೊನೆಯ ದಿನ ಅವಳು ಹೊಸಲು ದಾಟಿದ್ದೇ ತಾಯಿ ನಾಲ್ಕು ಕಾಳು ಅಕ್ಕಿ, ಕೊಬ್ಬರಿ ಚೂರು ಇಟ್ಟು, ಅರ್ಧ ಗಂಟೆಯಲ್ಲಿ ಹೊಟ್ಟೆ ಮುಚ್ಚಿದರು. ಎದ್ದು ನಿಂತು ಮೈ ಮುರಿದು, "ಮುಗೀತಪ್ಪ," ಅಂತ ಗಂಡನಿಗೆ ಕೂಗಿ ಹೇಳಿದರು. ವೀಳ್ಯವನ್ನು ಫಲಿತಾಂಶ ಬಂದ ಮೇಲೆ ಇಟ್ಟುಕೊಳ್ಳೋಣ, ಪಾಸಾದ ಹುಡುಗಿ ಅಂದರೆ ಗಂಡಸಿಯವರಿಗೂ ಗೌರವ ಅಂತ ನಾನು ಸಾಹುಕಾರರ ಕಿವಿಯಲ್ಲಿ ಹಾಕಿದೆ. ಅಷ್ಟರಲ್ಲಿ ನನಗೂ ಸ್ವಲ್ಪ ವಿದ್ಯೆ ಹತ್ತಿತ್ತು. ಪಾಸಾದ ಮಗಳನ್ನು ಟ್ರೈನಿಂಗಿಗೆ ಕಳಿಸಿ ಅನ್ನುವ ಮುಂದಿನ ಮಾತನ್ನು ನಾವಿಬ್ಬರೂ ಬಾಯಲ್ಲೇ ಇಟ್ಟುಕೊಂಡಿದ್ದೆವು.

ಫಲಿತಾಂಶ ಬೆಂಗಳೂರಿನ ಗಾಡಿಯಲ್ಲಿ ಬರುವ ಪೇಪರಿನಲ್ಲಿ ಬಂತು. ಸ್ಟೇಷನ್ನಿಗೆ ಹೋಗಿ ತಂದವಳು ನಾನು. ಜಗಲಿಯಲ್ಲಿ ಬಿಡಿಸಿ, ಬೆರಳಿಟ್ಟು ನಂಬರು ಹುಡುಕಿದೆ. ಎರಡನೇ ಸಲ ಹುಡುಕಿದೆ. ಗಿರಿಜಳ ಹಿಂದಿನ ನಂಬರು ಇತ್ತು, ಮುಂದಿನದೂ ಇತ್ತು. ಸಾವ್ಕಾರ್ತಮ್ಮ ಓದಲು ಬಾರದಿದ್ದರೂ ನನ್ನ ಬೆರಳಿನ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರು. ಬೆರಳು ನಿಂತದ್ದು ನೋಡಿಯೇ ಅವರಿಗೆ ತಿಳಿಯಿತು. ಲೆಕ್ಕದ ಪೇಪರೇ ಹಾಳಾಗಿತ್ತು ಅನ್ನುತ್ತ ಗಿರಿಜ ಅಟ್ಟ ಹತ್ತಿ ಕೊಬ್ಬರಿ ರಾಶಿಯ ಹಿಂದೆ ಕೂತು ಅತ್ತಳು.

ಸಾಹುಕಾರರು ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಹೋಗ್ಲಿ ಬಿಡವ್ವ, ಎಲ್ಲಾರ ಹಣೇಲೂ ಓದು ಬರ್ದಿರಲ್ಲ," ಅಂತ ಅಟ್ಟದ ಕಡೆಗೆ ಹೇಳಿ, ಹೆಂಡತಿಗೆ, "ಗಂಡಸಿಗೆ ಕಾಗದ ಬರೀತೀನಿ. ಬೊಂತೆ ಹೊಟ್ಟೆ ಮುಚ್ಚೈತಲ್ಲ," ಅಂದರು.

"ಬರೀರಿ," ಅಂದರು ಆಕೆ. "ಅದಕ್ಕೆ ಮುಂಚೆ ಒಂದ್ ದಪ ಹೊದ್ದು ನೋಡಿ. ಮನೆ ಯಜಮಾನ್ರು ನೋಡ್ದೆ ಕೊಡಕಾಯ್ತದಾ?"

ಸಾಹುಕಾರರು ನಂಬಿ ಮಂಚದ ಮೇಲೆ ಮಲಗಿದರು. ನಾವಿಬ್ಬರು ಒಂದೊಂದು ಕಡೆ ಹಿಡಿದು ಎಳೆದು ತಂದು ಅವರ ಮೇಲೆ ಹೊದಿಸಿದೆವು. ಕತ್ತಿನ ತನಕ ಮುಚ್ಚಿತು. ಮೊದಲು ಒಂದು ಕೈ ಎತ್ತಲು ನೋಡಿದರು, ಆಮೇಲೆ ಕಾಲು. ಯಾವುದೂ ಬರಲಿಲ್ಲ.

"ತೆಗಿಯೇ, ಉಸಿರು ಕಟ್ತಾ ಐತೆ."

"ಮೂಟೆ ಹೊತ್ತ ಮೈ ನಿಮ್ದು. ನಿಮಗೇ ಹಿಂಗಾದ್ರೆ ಆ ಕೂಸಿನ ಗತಿ ಏನು? ಇದು ಹಾಸೋಕೆ ಆಯ್ತು. ಹೊದಿಯೋಕೆ ಬ್ಯಾಡ್ವಾ? ನಿಮ್ಮವ್ವ ನಿಮ್ಮ ತಂಗೀಗೆ ಕೊಟ್ಟಿದ್ದು ಹಾಸೋದಾ, ಹೊದಿಯೋದಾ, ನೀವೇ ಹೇಳಿ."

"ಹೊದಿಯೋದೇ ಕಣೇ," ಅಂದಿತು ಬೊಂತೆಯ ಕೆಳಗಿನ ದನಿ.

"ಮತ್ತೆ?"

"ಇನ್ನೊಂದು ಹೊಲಿ ಮಾರಾಯ್ತಿ. ಮೊದ್ಲು ಇದನ್ನ ತೆಗಿ."

ಆಮೇಲಿನದನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ಓದುವವರಿಗೆ ನಿದ್ದೆ ಬರುವುದಿಲ್ಲ. ಗಿರಿಜ ಸೆಪ್ಟೆಂಬರಿನಲ್ಲಿ ಮತ್ತೆ ಕೂತಳು, ಲೆಕ್ಕದಲ್ಲಿ ಮೂವತ್ತೈದೇ ಮೂವತ್ತೈದು ತೆಗೆದು, ಬಾಗಿಲ ಸಂದಿಯಲ್ಲಿ ನುಸುಳಿದ ಹಾಗೆ ಪಾಸಾದಳು, ಟ್ರೈನಿಂಗಿಗೆ ಹೋದಳು. ಅಷ್ಟು ದಿನ ಕಾಯಲಾರದೆ ಗಂಡಸಿಯವರು ಮಗನಿಗೆ ತಿಪಟೂರಿನ ಹೆಣ್ಣು ತಂದುಕೊಂಡರು. ಆ ಮದುವೆಗೆ ಸಾವ್ಕಾರ್ತಮ್ಮ ಒಂದು ಬೊಂತೆ ಉಡುಗೊರೆ ಕೊಟ್ಟರು. ಮೂರೇ ವಾರದಲ್ಲಿ ಹೊಲಿದು ಮುಗಿಸಿದ್ದರು. ನಾದಿನಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚನೆ ಮಾಡುತ್ತ ಕೂತಿದ್ದರಂತೆ.

ಈಗ ಸಾವ್ಕಾರ್ತಮ್ಮ ಇಲ್ಲ. ಅವರು ಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಂಗಳಾಗಿತ್ತು. ಅವತ್ತಿಡೀ ನನಗೆ ಅವರ ಬೇರೆ ಯಾವ ಮುಖವೂ ನೆನಪಾಗಲಿಲ್ಲ, ಪೇಪರು ಬಂದ ದಿನದ ಮಧ್ಯಾಹ್ನದ್ದೇ. ಸಾಹುಕಾರರು ಮಂಡಿಗೆ ಹೋಗಿದ್ದರು. ಗಿರಿಜ ಅಟ್ಟದಿಂದ ಇಳಿದಿರಲಿಲ್ಲ. ಆಕೆ ನಡುಮನೆಯಲ್ಲಿ ಕೂತು, ಗಂಡನ ಹಳೆಯ ಪಂಚೆಯೊಂದನ್ನು ನೆಲದ ಮೇಲೆ ಹರಡಿ, ನನ್ನನ್ನು ಕರೆದರು. ಅತ್ತ ಗುರುತು ಕಣ್ಣಲ್ಲಿತ್ತು.

"ಇನ್ನೊಂದ್ ದಪ ಬರಿಬೋದಂತಲ್ಲ ಪರೀಕ್ಷೆ? ಯಾವಾಗ?"

"ಸೆಪ್ಟೆಂಬರಲ್ಲಿ."

"ಅಲ್ಲೀಗಂಟ ಎಳೀಬೇಕು ಅಂದ್ರೆ ಎಷ್ಟು ಮೊಳ ಅಗಲ ಹಾಕ್ಲಿ, ಲೆಕ್ಕ ಹಾಕಿ ಹೇಳಿ."

ನಾನು ಪೇಪರಿನ ಅಂಚಿನಲ್ಲಿ ದಿನ ಗುಣಿಸಿ, ಹಬ್ಬ ಹುಣ್ಣಿಮೆ ಕಳೆದು, ನಾಲ್ಕು ಮೊಳ ಸಾಕು ಅಂದೆ.

ಆಕೆ ಪಂಚೆಯ ಮೇಲೆ ಮೊಳ ಹಾಕುತ್ತ ಹೋದರು. ನಾಲ್ಕಕ್ಕೆ ಬಂದು ನಿಲ್ಲಲಿಲ್ಲ.

"ಐದು ಇರ್ಲಿ ಟೀಚರಮ್ಮ," ಅಂದರು. "ಹೋಗಿರೋದು ಲೆಕ್ಕದಲ್ಲಿ ತಾನೆ."